ಲೈಸೆನ್ಸ್ ಮರಳಿ ಕೊಡುವ ಮುನ್ನ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಪೊಲೀಸ್ ಠಾಣೆ, ನ್ಯಾಯಾಲಯ, ಆರ್‌ಟಿಒ ಕಚೇರಿ, ಆಸ್ಪತ್ರೆ ಈ ನಾಲ್ಕಕ್ಕೂ ಸೇರಿದ್ದು. ನಾಲ್ಕಕ್ಕೂ ಸೇರಿದ್ದರಿಂದಲೇ ಅದು ಯಾರ ಹೊಣೆಯೂ ಆಗದೆ ಉಳಿದುಬಿಟ್ಟಿದೆ. ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದವನು ದಂಡ ಕಟ್ಟುತ್ತಾನೆ. ಅವನ ಚಾಲನಾ ಲೈಸೆನ್ಸ್ (ಡಿಎಲ್) ಕೆಲವು ತಿಂಗಳು ಅಮಾನತಾಗುತ್ತದೆ. ಆ ತಿಂಗಳುಗಳು ಮುಗಿದ ಮೇಲೆ ಅವನು ಅದನ್ನು ಮರಳಿ ಕೇಳುತ್ತಾನೆ. ಕೊಡುವ ಮುನ್ನ ನಾವು ಅವನಿಗೆ ಏನು ಕಲಿಸಬೇಕು? ಅವನಲ್ಲಿ ಏನು ಬದಲಾಗಿದೆ ಎಂದು ನೋಡಬೇಕು? ಇದೇ ಇಂದಿನ ಪ್ರಶ್ನೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಎಷ್ಟು ಮಂದಿಯ ಸಾವಿಗೆ ಕುಡಿತ ಕಾರಣ ಎಂಬುದು ದಾಖಲೆಗಳಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಚಾಲಕನ ರಕ್ತಪರೀಕ್ಷೆ ಆಗದ ಪ್ರಕರಣ ‘ಅತಿವೇಗ’ ಎಂದೋ ‘ಅಜಾಗರೂಕತೆ’ ಎಂದೋ ದಾಖಲಾಗಿಬಿಡಬಹುದು. ಲೆಕ್ಕಕ್ಕೆ ಸಿಗಲಿ ಸಿಗದಿರಲಿ, ಒಂದು ಮಾತು ಖಚಿತ. ಒಮ್ಮೆ ಕುಡಿದು ಓಡಿಸಿ ಸಿಕ್ಕಿಬಿದ್ದವನು ಮತ್ತೊಮ್ಮೆ ಅದನ್ನೇ ಮಾಡುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹಾಗಾಗಿ ಮುಂದಿನ ಸಾವನ್ನು ತಡೆಯಬೇಕೆಂದರೆ ಅವನು ನಮ್ಮ ಕೈಗೆ ಸಿಕ್ಕ ಗಳಿಗೆಯನ್ನು ದಂಡದ ರಶೀದಿಯೊಂದಿಗೆ ಮುಗಿಸಿಬಿಡಬಾರದು.

ದಂಡ ಕಲಿಸದ ಪಾಠ

ಕುಡಿದು ಓಡಿಸುವವರಲ್ಲಿ ಹೆಚ್ಚಿನವರಿಗೆ ಗಾಡಿ ಓಡಿಸಲು ಚೆನ್ನಾಗಿಯೇ ಬರುತ್ತದೆ. ಇಪ್ಪತ್ತು ವರ್ಷ ಘಾಟಿ ರಸ್ತೆಯಲ್ಲಿ ಲಾರಿ ಓಡಿಸಿದವರು ಅವರಲ್ಲಿದ್ದಾರೆ. ಅವರಿಗೆ ತಿಳಿಯದಿರುವುದು ಮದ್ಯದ ಲೆಕ್ಕ.

ಆ ಲೆಕ್ಕವನ್ನು ಇಲ್ಲೇ ಮಾಡಿ ನೋಡೋಣ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 180 ಮಿ.ಲೀ.ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ ಎಂದಾಯಿತು. 60 ಕೆ.ಜಿ. ತೂಕದ ಗಂಡಸು ಅದನ್ನು ಬೇಗಬೇಗ ಕುಡಿದು ಮುಗಿಸಿದರೆ ಅವನ ರಕ್ತದಲ್ಲಿ ಪ್ರತಿ 100 ಮಿ.ಲೀ.ಗೆ ಹೆಚ್ಚುಕಡಿಮೆ 150 ಮಿ.ಗ್ರಾಂ. ಮದ್ಯ ಸೇರುತ್ತದೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಮಾತ್ರ. ‘ಬರೀ ನೈಂಟಿ ಹಾಕಿದ್ದೆ ಸಾರ್’ ಎಂದು ಪೊಲೀಸರೆದುರು ಕೈಮುಗಿಯುವವನು ಕೂಡ ಮಿತಿಯ ದುಪ್ಪಟ್ಟು ದಾಟಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಇಳಿಯುವ ಲೆಕ್ಕ. ಯಕೃತ್ತು ಪ್ರತಿ 100 ಮಿ.ಲೀ. ರಕ್ತದಿಂದ ಗಂಟೆಗೆ ಸರಾಸರಿ 15 ಮಿ.ಗ್ರಾಂ.ನಷ್ಟನ್ನು ಮಾತ್ರ ಕರಗಿಸಬಲ್ಲದು. ನಿಂಬೆರಸ, ಮಜ್ಜಿಗೆ, ಕಡುಕಾಫಿ, ತಣ್ಣೀರು ಸ್ನಾನ ಇವುಗಳಲ್ಲಿ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ 11ಕ್ಕೆ 150 ಇದ್ದದ್ದು ಬೆಳಗಿನ 6ಕ್ಕೆ ಇನ್ನೂ 45 ಇರುತ್ತದೆ. ನಿದ್ದೆ ಮಾಡಿ, ಮುಖ ತೊಳೆದು, ವಿಭೂತಿ ಇಟ್ಟುಕೊಂಡು ಶಾಲಾ ವ್ಯಾನಿನ ಸ್ಟಿಯರಿಂಗ್ ಹಿಡಿದವನು ತಾನು ಶುದ್ಧನೆಂದೇ ನಂಬಿರುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಯಾರೂ ಈ ಲೆಕ್ಕ ಹೇಳಿಕೊಟ್ಟಿಲ್ಲ. ದಂಡದಿಂದ ಅವನ ಹಣ ಹೋಗುತ್ತದೆ, ಅಮಾನತಿನಿಂದ ಅವನ ದಿನಗಳು ಹೋಗುತ್ತವೆ. ಎರಡರಿಂದಲೂ ಈ ತಿಳಿವಳಿಕೆ ಬರುವುದಿಲ್ಲ.

ಬ್ರಿಟನ್: ಕಲಿತವನಿಗೆ ರಿಯಾಯಿತಿ

ಈ ಕೊರತೆಯನ್ನು ತುಂಬಲು ಬೇರೆ ದೇಶಗಳು ಏನು ಮಾಡಿವೆ ಎಂದು ನೋಡೋಣ. ಮೊದಲು ಬ್ರಿಟನ್. ಬಾರ್ಬರಾ ಕ್ಯಾಸಲ್ ಸಾರಿಗೆ ಸಚಿವೆಯಾಗಿದ್ದಾಗ, 1967ರಲ್ಲಿ, ಅಲ್ಲಿ ರಕ್ತದ ಮದ್ಯದ ಮಿತಿ 80 ಮಿ.ಗ್ರಾಂ. ಎಂದು ನಿಗದಿಯಾಗಿ, ರಸ್ತೆಬದಿಯ ಉಸಿರಿನ ಪರೀಕ್ಷೆ ಬಂತು. ಸ್ಕಾಟ್ಲೆಂಡ್ 2014ರ ಡಿಸೆಂಬರ್‌ನಲ್ಲಿ ಅದನ್ನು 50ಕ್ಕೆ ಇಳಿಸಿತು. ಮಿತಿ ಮೀರಿ ಓಡಿಸಿದ್ದು ಸಾಬೀತಾದರೆ ಕನಿಷ್ಠ 12 ತಿಂಗಳ ಅನರ್ಹತೆ. ಹತ್ತು ವರ್ಷದೊಳಗೆ ಎರಡನೆಯ ಸಲ ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ.

ಈ ಕಾಠಿಣ್ಯದ ಜೊತೆಗೆ 1990ರ ದಶಕದಲ್ಲಿ ಅವರು ಪ್ರಾಯೋಗಿಕವಾಗಿ ಪುನರ್ವಸತಿ ಕೋರ್ಸ್ ಆರಂಭಿಸಿದರು. 2000ದಲ್ಲಿ ಅದು ದೇಶಾದ್ಯಂತ ಹರಡಿತು. ಶಿಕ್ಷೆ ಪ್ರಕಟಿಸುವ ನ್ಯಾಯಾಧೀಶರೇ ಅಪರಾಧಿಗೆ ಈ ಕೋರ್ಸಿನ ಅವಕಾಶ ಕೊಡಬಹುದು. ಅಪರಾಧಿ ಒಪ್ಪಿದರೆ ಮಾತ್ರ ಸೇರುತ್ತಾನೆ, ಬಲವಂತವಿಲ್ಲ. ಸಾಮಾನ್ಯವಾಗಿ ಮೂರು ದಿನಗಳಿಗೆ ಹಂಚಿದ 16 ಗಂಟೆಯ ಪಾಠ. ಶುಲ್ಕ 250 ಪೌಂಡ್‌ವರೆಗೆ, ಅದನ್ನು ಅಪರಾಧಿಯೇ ಕಟ್ಟಬೇಕು. ನಿಗದಿತ ಅವಧಿಯೊಳಗೆ ಪೂರೈಸಿದರೆ ಅನರ್ಹತೆಯ ಅವಧಿಯಲ್ಲಿ ನಾಲ್ಕನೆಯ ಒಂದು ಭಾಗದವರೆಗೆ ಕಡಿತ ಸಿಗುತ್ತದೆ. 12 ತಿಂಗಳು 9 ಆಗುತ್ತದೆ. ಪಾಠದಲ್ಲಿ ಇರುವುದು ನಾನು ಈಗ ಹೇಳಿದಂಥ ಲೆಕ್ಕ, ಕುಡಿತ ತೀರ್ಮಾನಶಕ್ತಿಯನ್ನು ಹೇಗೆ ಕುಂದಿಸುತ್ತದೆ ಎಂಬ ವಿವರ, ಮತ್ತು ಮುಂದಿನ ಸಲ ಮನೆಗೆ ಹೇಗೆ ಹೋಗುತ್ತೀರಿ ಎಂಬ ಯೋಜನೆ.

ಕೋರ್ಸ್ ಮುಗಿಸಿದವರನ್ನೂ ಸೇರದವರನ್ನೂ ಅಲ್ಲಿನ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮುಗಿಸಿದವರು ಮತ್ತೆ ಅದೇ ಅಪರಾಧಕ್ಕೆ ಶಿಕ್ಷೆಗೊಳಗಾಗುವುದು ಸ್ಪಷ್ಟವಾಗಿ ಕಡಿಮೆ ಎಂದು ಕಂಡಿತು. ಇಲ್ಲಿ ಒಂದು ಎಚ್ಚರ ಅಗತ್ಯ. ತಾನಾಗಿ ಕೋರ್ಸಿಗೆ ಬರುವವನು ಸುಧಾರಿಸಲು ಮನಸ್ಸು ಮಾಡಿದವನೂ, ಶುಲ್ಕ ಕಟ್ಟಲು ಶಕ್ತಿಯಿರುವವನೂ ಆಗಿರುತ್ತಾನೆ. ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಪಾಠಕ್ಕೇ ಕೊಡಲಾಗದು.

ಬ್ರಿಟನ್ನಿನ ಎರಡನೆಯ ಏರ್ಪಾಡು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಮಿತಿಯ ಎರಡೂವರೆ ಪಟ್ಟು, ಅಂದರೆ ರಕ್ತದಲ್ಲಿ 200 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಇದ್ದವರು, ಹತ್ತು ವರ್ಷದಲ್ಲಿ ಎರಡು ಸಲ ಸಿಕ್ಕಿಬಿದ್ದವರು, ಪರೀಕ್ಷೆಗೆ ಮಾದರಿ ಕೊಡಲು ನಿರಾಕರಿಸಿದವರು, ಇವರನ್ನು ‘ಹೆಚ್ಚಿನ ಅಪಾಯದ ಅಪರಾಧಿಗಳು’ ಎಂದು ಪ್ರತ್ಯೇಕಿಸುತ್ತಾರೆ. ಅವಧಿ ಮುಗಿದ ಮಾತ್ರಕ್ಕೆ ಇವರಿಗೆ ಲೈಸೆನ್ಸ್ ಸಿಗದು. ವೈದ್ಯರ ಮುಂದೆ ಹೋಗಬೇಕು. ಸಿಡಿಟಿ ಎಂಬ ರಕ್ತಪರೀಕ್ಷೆ ಆಗಬೇಕು. ಹಿಂದಿನ ಕೆಲವು ವಾರಗಳಲ್ಲಿ ವಿಪರೀತ ಕುಡಿದಿದ್ದರೆ ಅದು ತೋರಿಸಿಕೊಡುತ್ತದೆ. 2013ರ ಜೂನ್‌ನಿಂದ ಈ ಗುಂಪಿನವರು ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ವಾಹನ ಮುಟ್ಟುವಂತಿಲ್ಲ.

ಜರ್ಮನಿ: ಎರಡನ್ನೂ ಬೇರ್ಪಡಿಸುವ ಶಕ್ತಿ

ಜರ್ಮನಿಯ ಕ್ರಮ ಇನ್ನೂ ಆಳಕ್ಕೆ ಇಳಿಯುತ್ತದೆ. ಅಲ್ಲಿ ರಕ್ತದ ಮದ್ಯ ನಮ್ಮ ಲೆಕ್ಕದಲ್ಲಿ ಸುಮಾರು 160 ಮಿ.ಗ್ರಾಂ. ಮುಟ್ಟಿದರೆ, ಅಥವಾ ಅಪರಾಧ ಮರುಕಳಿಸಿದರೆ, ಲೈಸೆನ್ಸ್ ಮರಳಿ ಬೇಕೆನ್ನುವವನು ವೈದ್ಯಕೀಯ ಮತ್ತು ಮನಶ್ಶಾಸ್ತ್ರೀಯ ಪರೀಕ್ಷೆಗೆ ಒಳಗಾಗಲೇಬೇಕು. ಸೈಕಲ್ ತುಳಿಯುತ್ತಿದ್ದಾಗ ಅಷ್ಟು ಕುಡಿದಿದ್ದರೂ ಇದೇ ನಿಯಮ. ವರ್ಷಕ್ಕೆ ಸುಮಾರು 90 ಸಾವಿರ ಇಂಥ ಪರೀಕ್ಷೆಗಳು ನಡೆಯುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಮದ್ಯಕ್ಕೆ ಸಂಬಂಧಿಸಿದ್ದು.

ಪರೀಕ್ಷೆಗೆ ಮೂರು ಭಾಗ. ವೈದ್ಯರು ದೇಹ ನೋಡುತ್ತಾರೆ. ಯಂತ್ರದ ಮುಂದೆ ಕೂರಿಸಿ ಗಮನ, ಪ್ರತಿಕ್ರಿಯೆಯ ವೇಗ ಅಳೆಯುತ್ತಾರೆ. ಮೂರನೆಯದು ಮನಶ್ಶಾಸ್ತ್ರಜ್ಞರೊಂದಿಗೆ ಹೆಚ್ಚುಕಡಿಮೆ ಒಂದು ಗಂಟೆಯ ಮಾತುಕತೆ. ಬಹುಪಾಲು ಜನ ಎಡವುವುದು ಇಲ್ಲೇ. ‘ಆ ದಿನ ಗ್ರಹಚಾರ ಕೆಟ್ಟಿತ್ತು, ಪೊಲೀಸರು ನಿಂತಿದ್ದರು’ ಎನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ. ಏಕೆ ಕುಡಿಯುತ್ತಿದ್ದೆ, ಎಷ್ಟು ಕುಡಿಯುತ್ತಿದ್ದೆ, ಸಿಕ್ಕಿಬೀಳದೆ ಎಷ್ಟು ಸಲ ಓಡಿಸಿದ್ದೆ, ಈಗ ಬದುಕಿನಲ್ಲಿ ಏನು ಬದಲಿಸಿಕೊಂಡಿದ್ದೇನೆ ಎಂಬುದನ್ನು ಅವನೇ ತನ್ನ ಬಾಯಿಂದ ಹೇಳಬೇಕು. ಬದಲಾವಣೆ ತುಸು ಅಪೂರ್ಣವೆನಿಸಿದರೆ ಮಾನ್ಯತೆ ಪಡೆದ ಕೋರ್ಸಿಗೆ ಕಳಿಸುತ್ತಾರೆ. ಅದನ್ನು ಪೂರೈಸಿದರೆ ಲೈಸೆನ್ಸಿನ ಬಾಗಿಲು ತೆರೆಯುತ್ತದೆ.

ಜರ್ಮನ್ ನಿಯಮದ ಹೃದಯ ಇರುವುದು ಒಂದು ವಿಂಗಡಣೆಯಲ್ಲಿ. ಮದ್ಯವ್ಯಸನಿ ಬೇರೆ, ವ್ಯಸನಿಯಲ್ಲದಿದ್ದರೂ ಕುಡಿತವನ್ನೂ ಚಾಲನೆಯನ್ನೂ ನಂಬಿಕೆಗೆ ಅರ್ಹವಾಗಿ ಬೇರ್ಪಡಿಸಿ ಇಡಲಾಗದವನು ಬೇರೆ. ಎರಡನೆಯವನಿಗೆ ಆ ಬೇರ್ಪಡಿಸುವ ಶಕ್ತಿಯನ್ನು ಕಲಿಸಿದರೆ ಸಾಕಾಗಬಹುದು. ಮೊದಲನೆಯವನಿಗೆ ಪಾಠ ಸಾಲದು, ಚಿಕಿತ್ಸೆ ಬೇಕು. ಆಮೇಲೆ ಸಾಮಾನ್ಯವಾಗಿ ಒಂದು ವರ್ಷ ಪೂರ್ತಿ ಮದ್ಯ ಮುಟ್ಟಿಲ್ಲ ಎಂದು ತೋರಿಸಬೇಕು. ಬಾಯಿಮಾತಿನ ಪ್ರಮಾಣ ನಡೆಯದು. ಮೂತ್ರದಲ್ಲಿ ಅಥವಾ ತಲೆಗೂದಲಿನಲ್ಲಿ ಈಟಿಜಿ ಎಂಬ ಪದಾರ್ಥವನ್ನು ಹುಡುಕುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಮೂರು ಸೆಂಟಿಮೀಟರ್ ಕೂದಲು ಮೂರು ತಿಂಗಳ ಕಥೆ ಹೇಳುತ್ತದೆ.

ಈ ಕಾಠಿಣ್ಯಕ್ಕೆ ಒಂದು ಬೆಲೆಯೂ ಇದೆ. ಪರೀಕ್ಷೆಗೆ ಹೆದರಿದ ಕೆಲವರು ಪಕ್ಕದ ಚೆಕ್ ಗಣರಾಜ್ಯಕ್ಕೋ ಪೋಲೆಂಡಿಗೋ ಹೋಗಿ ಅಲ್ಲಿ ಲೈಸೆನ್ಸ್ ಮಾಡಿಸಿಕೊಂಡು ಬರತೊಡಗಿದರು. ಯುರೋಪಿಯನ್ ಒಕ್ಕೂಟದ ಒಂದು ಸದಸ್ಯ ದೇಶ ಕೊಟ್ಟ ಲೈಸೆನ್ಸನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕೆಂದು ಯುರೋಪಿನ ನ್ಯಾಯಾಲಯ 2004ರಲ್ಲಿ ಹೇಳಿದ್ದು ಅವರಿಗೆ ಅನುಕೂಲವಾಯಿತು. ಈ ಕಳ್ಳದಾರಿಯನ್ನು ಬಹುಮಟ್ಟಿಗೆ ಮುಚ್ಚಲು 2009ರ ಜನವರಿಯಿಂದ ಹೊಸ ನಿಯಮವೇ ಬರಬೇಕಾಯಿತು. ಮರಳುವ ದಾರಿ ಕಠಿಣವಾಗಿರಲಿ, ಆದರೆ ಸಾಮಾನ್ಯನಿಗೆ ನಡೆಯಲು ಆಗುವಂತಿರಲಿ ಎಂಬುದು ನಾವು ಇದರಿಂದ ತಿಳಿಯಬೇಕಾದದ್ದು. ಹಾಗಿಲ್ಲದಿದ್ದರೆ ಜನ ಲೈಸೆನ್ಸ್ ಇಲ್ಲದೆಯೇ, ವಿಮೆ ಇಲ್ಲದೆಯೇ ಓಡಿಸುತ್ತಾರೆ. ಆಗ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಯಂತ್ರ ಮತ್ತು ಮನಸ್ಸು

ಮೂರನೆಯ ದಾರಿ ಸ್ವೀಡನ್ನಿನದು. ಅಲ್ಲಿ 1990ರಿಂದ ಮಿತಿ ಸುಮಾರು 20 ಮಿ.ಗ್ರಾಂ., ನಮ್ಮದಕ್ಕಿಂತಲೂ ಕಡಿಮೆ. 1999ರಲ್ಲಿ ಪ್ರಯೋಗವಾಗಿ ಶುರುವಾಗಿ 2012ರಲ್ಲಿ ಶಾಶ್ವತವಾದ ಯೋಜನೆಯಂತೆ, ಅಪರಾಧಿ ತನ್ನ ಖರ್ಚಿನಲ್ಲಿ ಕಾರಿಗೆ ‘ಆಲ್ಕೋಹಾಲ್ ಲಾಕ್’ ಹಾಕಿಸಿಕೊಂಡು ಓಡಿಸಬಹುದು. ಚಾಲಕ ಊದಬೇಕು, ಉಸಿರಿನಲ್ಲಿ ಮದ್ಯ ಇದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಒಂದು ವರ್ಷ, ಗಂಭೀರ ಪ್ರಕರಣಗಳಲ್ಲಿ ಎರಡು ವರ್ಷ ಹೀಗೆ ನಡೆಯಬೇಕು. ಅವನ ನೌಕರಿ ಉಳಿಯುತ್ತದೆ, ರಸ್ತೆಯೂ ಸುರಕ್ಷಿತವಾಗುತ್ತದೆ.

ಇಂಥ ಲಾಕ್‌ಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಯಂತ್ರ ಕಾರಿನಲ್ಲಿ ಇರುವವರೆಗೆ ಮರು ಬಂಧನಗಳು ಸುಮಾರು ಮೂರನೆಯ ಎರಡು ಭಾಗದಷ್ಟು ತಗ್ಗಿದ್ದವು. ಯಂತ್ರ ತೆಗೆದ ಮೇಲೆ ಆ ಲಾಭ ಉಳಿಯಲಿಲ್ಲ. ಯಂತ್ರ ಕೈಯನ್ನು ತಡೆಯಬಲ್ಲದು, ಅಭ್ಯಾಸವನ್ನು ತಿದ್ದಲಾರದು. ಹಾಗಾದರೆ ಪಾಠ ಮತ್ತು ಆಪ್ತಸಲಹೆಯ ಫಲವೆಷ್ಟು? 1995ರಲ್ಲಿ ಎಲಿಸಬೆತ್ ವೆಲ್ಸ್-ಪಾರ್ಕರ್ ಮತ್ತು ಸಂಗಡಿಗರು 215 ಮೌಲ್ಯಮಾಪನಗಳನ್ನು ಕಲೆಹಾಕಿ ಪರಿಶೀಲಿಸಿದಾಗ, ಇಂಥ ಕಾರ್ಯಕ್ರಮಗಳಿಂದ ಮರು ಅಪರಾಧ ಶೇ. 7ರಿಂದ 9ರಷ್ಟು ಕಡಿಮೆಯಾಗುತ್ತದೆ ಎಂದು ಕಂಡಿತು. ತಿಳಿವಳಿಕೆ, ಆಪ್ತಸಲಹೆ, ಆಮೇಲಿನ ನಿಗಾ ಈ ಮೂರೂ ಕೂಡಿದ್ದಲ್ಲಿ ಫಲ ಹೆಚ್ಚು.

ಶೇ. 7ರಿಂದ 9 ಎಂದರೆ ಪವಾಡವಲ್ಲ. ಕೋರ್ಸ್ ಮಾಡಿಸಿದರೆ ಎಲ್ಲರೂ ಸುಧಾರಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ದೇಶದ ಅಳತೆಯಲ್ಲಿ ಅಷ್ಟು ಪಾಲು ಎಂದರೆ ಉಳಿದ ಜೀವಗಳ ದೊಡ್ಡ ಸಂಖ್ಯೆ. ಅದೂ ಒಂದು ಕೊಠಡಿ, ತರಬೇತಿ ಪಡೆದ ಒಬ್ಬ ಶಿಕ್ಷಕ ಮತ್ತು ಕೆಲವು ಗಂಟೆಗಳ ಖರ್ಚಿನಲ್ಲಿ.

ನಮ್ಮ ಕಾಯ್ದೆಯಲ್ಲಿ ಇರುವ ಬಾಗಿಲು

ಈಗ ನಮ್ಮ ನಾಡಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲ ಕುಡಿದು ಓಡಿಸಿದವನಿಗೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. ಮರುಕಳಿಸಿದರೆ 15,000 ರೂಪಾಯಿ ದಂಡ ಅಥವಾ 2 ವರ್ಷದವರೆಗೆ ಸೆರೆ ಅಥವಾ ಎರಡೂ. ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬೇಕು. ಆರ್‌ಟಿಒ ಅವನ ಅಹವಾಲು ಕೇಳಿ ಮೊದಲ ಸಲವಾದರೆ 3 ತಿಂಗಳು ಅನರ್ಹಗೊಳಿಸಬಹುದು, ಮತ್ತೆ ಸಿಕ್ಕಿಬಿದ್ದರೆ ಲೈಸೆನ್ಸನ್ನೇ ರದ್ದು ಮಾಡಬಹುದು. ನ್ಯಾಯಾಲಯದ ಮೂಲಕ ಬರುವ ಅನರ್ಹತೆ 6 ತಿಂಗಳಿಗೆ ಕಡಿಮೆಯಿರಬಾರದು.

ಇವೆಲ್ಲ ಅನೇಕರಿಗೆ ಗೊತ್ತು. ಗೊತ್ತಿಲ್ಲದ್ದು 19ನೇ ಕಲಮಿಗೆ ಅದೇ 2019ರಲ್ಲಿ ಸೇರಿದ ಒಂದು ಉಪಕಲಂ. ಅನರ್ಹತೆಯ ಅವಧಿ ಮುಗಿದ ಮೇಲೆಯೂ, ಚಾಲಕರ ಪುನಶ್ಚೇತನ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದರೆ ಮಾತ್ರ ಲೈಸೆನ್ಸ್ ಹಿಂದಿರುಗಿಸಬೇಕು ಎಂದು ಅದು ಹೇಳುತ್ತದೆ. ಬ್ರಿಟನ್ನಿನಲ್ಲಿ ಐಚ್ಛಿಕವಾಗಿರುವುದನ್ನು ನಮ್ಮ ಸಂಸತ್ತು ಕಡ್ಡಾಯ ಮಾಡಿದೆ. ತರಬೇತಿಯ ಸ್ವರೂಪ, ಪಠ್ಯ, ಅವಧಿಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮಗಳು 2021ರ ಜುಲೈನಿಂದ ಜಾರಿಯಲ್ಲಿವೆ.

ಬಾಗಿಲೇನೋ ಇದೆ. ಒಳಗೆ ಏನಿರಬೇಕು ಎಂಬುದರ ಬಗ್ಗೆ ನನ್ನ ವಾದ ಇಷ್ಟು: ಕುಡಿದು ಓಡಿಸಿದವನನ್ನು, ಹೆಲ್ಮೆಟ್ ಹಾಕದವನನ್ನು, ಸಿಗ್ನಲ್ ದಾಟಿದವನನ್ನು ಒಂದೇ ಬೆಂಚಿನಲ್ಲಿ ಕೂರಿಸಿ ರಸ್ತೆ ಚಿಹ್ನೆಗಳ ಪಟ ತೋರಿಸಿದರೆ ಪ್ರಯೋಜನವಿಲ್ಲ. ಜ್ವರ ಬಂದವನಿಗೂ ಕಾಲು ಮುರಿದವನಿಗೂ ಒಂದೇ ಗುಳಿಗೆ ಕೊಟ್ಟ ಹಾಗಾಗುತ್ತದೆ. ಕುಡಿದು ಓಡಿಸಿದವರಿಗೆ ಪ್ರತ್ಯೇಕ ಕೋರ್ಸ್ ಬೇಕು. ಅದಕ್ಕೆ ಬೇಕಾದ ಬಹುಪಾಲು ಸಾಮಗ್ರಿ ಕರ್ನಾಟಕದಲ್ಲಿ ಈಗಾಗಲೇ ಇದೆ.

ಮೊದಲನೆಯದು ವಿಂಗಡಣೆ. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಕೆಲವೇ ನಿಮಿಷಗಳಲ್ಲಿ ಅದನ್ನು ಕೇಳಿ ಮುಗಿಸಬಹುದು. ಅಪರೂಪಕ್ಕೆ ಕುಡಿದು ತಪ್ಪು ಮಾಡಿದವನು ಯಾರು, ಅಪಾಯದ ಅಂಚಿನಲ್ಲಿರುವವನು ಯಾರು, ವ್ಯಸನಕ್ಕೆ ಸಿಕ್ಕವನು ಯಾರು ಎಂಬ ಸುಳಿವು ಅದರಿಂದ ಸಿಗುತ್ತದೆ. ಶಿಕ್ಷೆಗೆ ಹೆದರಿ ಕೆಲವರು ಕಡಿಮೆ ಹೇಳಬಹುದು. ಆದ್ದರಿಂದ ಸಿಕ್ಕಿಬಿದ್ದ ದಿನದ ರೀಡಿಂಗನ್ನೂ ಜೊತೆಗೆ ನೋಡಬೇಕು.

ಎರಡನೆಯದು ಪಾಠ. ಅದು ಕನ್ನಡದಲ್ಲಿ, ಪೆಗ್ಗು, ನೈಂಟಿ, ಕ್ವಾರ್ಟರ್, ಬಿಯರ್ ಬಾಟಲಿಗಳ ಲೆಕ್ಕದಲ್ಲಿ ಇರಬೇಕು. ನಮ್ಮ ಹೆದ್ದಾರಿಗಳಲ್ಲಿ ಓಡಾಡುವ ತಮಿಳು, ತೆಲುಗು, ಹಿಂದಿ, ಉರ್ದು ಮಾತನಾಡುವ ಚಾಲಕರಿಗೆ ಅವರವರ ಭಾಷೆಯಲ್ಲಿ ಸಿಗಬೇಕು. ಪ್ರತಿಯೊಬ್ಬನೂ ತನ್ನ ವಾರದ ಕುಡಿತವನ್ನು ಬರೆದಿಟ್ಟು ತಂದು, ಮದುವೆಮನೆಯಿಂದ, ಹಬ್ಬದ ಬಾಡೂಟದಿಂದ, ಸಂಬಳದ ದಿನದ ಪಾರ್ಟಿಯಿಂದ ಮನೆಗೆ ಹೇಗೆ ಹೋಗುತ್ತೇನೆ ಎಂಬುದನ್ನು ಅಲ್ಲಿ ಕುಳಿತೇ ನಿರ್ಧರಿಸಬೇಕು. ಸಾಧ್ಯವಾದರೆ ಹೆಂಡತಿಯೋ ತಾಯಿಯೋ ಒಂದು ದಿನ ಜೊತೆಗೆ ಬರಲಿ. ಬೈಕಿನ ಕೀಲಿ ಯಾವಾಗ ಎತ್ತಿಡಬೇಕು ಎಂಬುದು ಅವರಿಗೂ ಗೊತ್ತಿರಲಿ.

ಮೂರನೆಯದು ಚಿಕಿತ್ಸೆ. ವ್ಯಸನಿಗೆ ‘ನಾಳೆಯಿಂದ ಬಿಟ್ಟುಬಿಡು’ ಎಂದು ಗದರಿಸುವುದು ಅಪಾಯಕಾರಿ. ವರ್ಷಗಟ್ಟಲೆ ದಿನವೂ ಕುಡಿದವನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಮತಿಭ್ರಮಣೆ ಆಗಬಹುದು, ಜೀವವೂ ಹೋಗಬಹುದು. ಅವನಿಗೆ ವೈದ್ಯರ ನಿಗಾ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅದೇ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆ ಕಾರ್ಯಕ್ರಮದ ಸಿಬ್ಬಂದಿ ಇಂದು ಜಿಲ್ಲೆಗಳಲ್ಲಿದ್ದಾರೆ. ಆರ್‌ಟಿಒ ಕಚೇರಿಯಿಂದ ಅವರ ಬಳಿಗೆ ಒಂದು ಶಿಫಾರಸು ಪತ್ರ ಹೋಗುವ ವ್ಯವಸ್ಥೆ ಆಗಬೇಕು.

ನಾಲ್ಕನೆಯದು ನಿಗಾ. ಇದರಲ್ಲಿ ನಾವು ಪರದೇಶವನ್ನೇ ನೋಡಬೇಕಾಗಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರುಗಳಲ್ಲಿ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳನ್ನು ತಾವು ಬಲ್ಲಿರಿ. ಶಿಬಿರ ಮುಗಿದ ಮೇಲೆ ಪಾನಮುಕ್ತರನ್ನು ಕೈಬಿಡದೆ ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರಿಸುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪುಗಳೂ ನಮ್ಮ ಊರುಗಳಲ್ಲಿ ಸಭೆ ಸೇರುತ್ತವೆ. ಬಿಟ್ಟವನು ಬಿಟ್ಟವನಾಗಿಯೇ ಉಳಿಯಲು ಇನ್ನೊಬ್ಬ ಬಿಟ್ಟವನ ಸಂಗ ಬೇಕೆಂಬುದನ್ನು ಈ ಸಂಘಟನೆಗಳು ಅನುಭವದಿಂದ ಕಂಡುಕೊಂಡಿವೆ. ಲೈಸೆನ್ಸ್ ಮರಳಿದ ನಂತರದ ಮೊದಲ ವರ್ಷ ಅಂಥ ಸಂಗದ ಅಗತ್ಯ ಎಲ್ಲಕ್ಕಿಂತ ಹೆಚ್ಚು.

ಎರಡು ಆಕ್ಷೇಪ

ತಪ್ಪು ಮಾಡಿದವನಿಗೆ ಇಷ್ಟೆಲ್ಲ ಏಕೆ, ಸತ್ತವರ ಮನೆಯವರಿಗೆ ಏನು ಕೊಟ್ಟಿರಿ ಎಂದು ಕೇಳುವವರಿದ್ದಾರೆ. ಮಗನನ್ನು ಕಳೆದುಕೊಂಡ ತಾಯಿ ಹಾಗೆ ಕೇಳಿದರೆ ತಲೆಬಾಗಿ ಕೇಳಿಸಿಕೊಳ್ಳಬೇಕು. ಪುನರ್ವಸತಿ ಶಿಕ್ಷೆಯ ಬದಲಿಗೆ ಬರುವುದಲ್ಲ. ಪ್ರಾಣಹಾನಿ ಮಾಡಿದವನು ಕಾನೂನಿನ ಪೂರ್ಣ ಭಾರ ಹೊರಲೇಬೇಕು. ಆದರೆ ತಪಾಸಣೆಯಲ್ಲಿ ಸಿಕ್ಕವರಲ್ಲಿ ಬಹುಪಾಲು ಜನ ಇನ್ನೂ ಯಾರನ್ನೂ ಕೊಂದಿಲ್ಲ. ಅವರು ಕೊಲ್ಲುವ ಮುನ್ನವೇ ನಮ್ಮೆದುರು ಬಂದಿದ್ದಾರೆ. ಅವರಿಗೆ ಮಾಡುವ ಖರ್ಚು ಇನ್ನೊಬ್ಬ ತಾಯಿಯ ಮಗನಿಗಾಗಿ ಮಾಡುವ ಖರ್ಚು.

ಇನ್ನೊಂದು ಆಕ್ಷೇಪ ಬಡವರದು. ಆಟೋ, ಟೆಂಪೊ, ಕ್ಯಾಬ್ ಓಡಿಸಿ ಅಂದಂದಿನ ದುಡಿಮೆಯಲ್ಲಿ ಬದುಕುವವನಿಗೆ ದಂಡದ ಮೇಲೆ ಕೋರ್ಸಿನ ಶುಲ್ಕವೂ ಬಿದ್ದರೆ ಮನೆ ಮುಳುಗುತ್ತದೆ. ಈ ಮಾತಿನಲ್ಲಿ ನ್ಯಾಯವಿದೆ. ಆದಾಯ ನೋಡಿ ಶುಲ್ಕ ನಿಗದಿಯಾಗಲಿ. ಮದ್ಯದ ಅಬಕಾರಿ ಸುಂಕದಿಂದ ಬರುವ ಹಣದಲ್ಲಿ ಒಂದು ಸಣ್ಣ ಪಾಲು ಈ ಕೆಲಸಕ್ಕೆ ಮೀಸಲಾಗಲಿ. ಮಾರಾಟದಿಂದ ಲಾಭ ಪಡೆಯುವ ಸರ್ಕಾರ ಅದರ ಹಾನಿಯನ್ನು ತಡೆಯಲು ಖರ್ಚು ಮಾಡುವುದು ಉಪಕಾರವಲ್ಲ, ಋಣಸಂದಾಯ.

ಬಂಧುಗಳೇ, ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಲೈಸೆನ್ಸ್ ಮರಳಬಾರದು. ಬದಲಾಗಿದ್ದೇನೆಂದು ತೋರಿಸಿದವನಿಗೆ ಅದನ್ನು ನಿರಾಕರಿಸಲೂಬಾರದು. ಆ ಬದಲಾವಣೆಗೆ ನೆರವಾಗುವುದು ಸಮಾಜದ ಹೊಣೆ. ಸಭೆಯಲ್ಲಿರುವ ವಕೀಲರು ತಮ್ಮ ಕಕ್ಷಿದಾರರಿಗೆ 19ನೇ ಕಲಮನ್ನು ವಿವರಿಸಿ ಹೇಳಲಿ. ವೈದ್ಯರು ತಮ್ಮ ಜಿಲ್ಲೆಯ ಆರ್‌ಟಿಒ ಕಚೇರಿಗೆ ಹೋಗಿ, ಪಾಠ ಮಾಡಲು ನಾವು ಸಿದ್ಧ ಎಂದು ಹೇಳಲಿ. ಸಾರಿಗೆ ಇಲಾಖೆಯೂ ಆರೋಗ್ಯ ಇಲಾಖೆಯೂ ಒಂದೇ ಮೇಜಿನ ಮುಂದೆ ಕುಳಿತು, ಕುಡಿದು ಓಡಿಸಿದವರಿಗಾಗಿಯೇ ಒಂದು ಕನ್ನಡ ಪಠ್ಯಕ್ರಮ ಸಿದ್ಧಪಡಿಸಿ, ಮೊದಲು ಒಂದು ಜಿಲ್ಲೆಯಲ್ಲಿ ನಡೆಸಿ, ಅದರ ಫಲವನ್ನು ಪ್ರಾಮಾಣಿಕವಾಗಿ ಅಳೆದು ಜನರ ಮುಂದಿಡಲಿ. ಕಾನೂನಿನ ಅನುಮತಿ ಈಗಾಗಲೇ ಇದೆ. ಬೇಕಿರುವುದು ಕೆಲಸಕ್ಕೆ ಕೈಹಚ್ಚುವವರು.